ಗಚ್ಚಿ ಮ್ಯಾಲಿನ ಉತ್ತರ

ಸೋಲಾಪುರ
ತಾ. 12-7-1973

॥ ಶ್ರೀ ಸಿದ್ಧರಾಮೇಶ್ವರ ಪ್ರಸನ್ನ ॥

ಚಿ. ಸುಗಲಾಗೆ ಮಾವ ಚನ್ನವೀರಪ್ಪನ ಆಶೀರ್ವಾದ.

ವಿ. ವಿ. ನಾವು ಇಲ್ಲಿ ಕ್ಷೇಮ. ಹನ್ನೂರಾಗ ನೀನು, ನಿಮ್ಮಣ್ಣ ಖಂಡಪ್ಪ, ಮನಿ ಮಂದಿ ಎಲ್ಲಾರೂ ಕ್ಷೇಮ ಇರಬೇಕು. ಇಲ್ಲಿ ಎರಡ ವರ್ಷದ ಮ್ಯಾಲ ಮಳಿ ಛಲೋ ಬಿದ್ದದ.

ನೀ ತವರಿಗೆ ಹೋಗಿ ಹದಿನೇಳ ತಿಂಗಳಾತು. ಒಂದು ಪತ್ರ ಹಾಕಲಿಲ್ಲ ಅಂತ ನೀ ಅಂದಿರಬೇಕು. ಅಂಗಡಿ ಕೆಲಸ, ಅದು, ಇದು. ಇರಲಿ.

ಪತ್ರಕ್ಕ ಕಾರಣ ಏನಂದ್ರ, ಹ್ವಾದ ವಾರ ನಮ್ಮ ರಾಚಪ್ಪನ ಟ್ರಂಕ ತಗದಾಗ ಅವನ ವಹಿ ಸಿಕ್ಕತು. ಮರಾಠಿಯೊಳಗ ಬರದಾನ. ಸೂರ್ಯನ ಮ್ಯಾಲಿನ ಕಲೆ, ತಾರೀಖು, ವ್ಯಾಳ್ಯಾ, ಬರೇ ಅದೇ. ಕಡೀ ಹಾಳ್ಯಾಗ ಒಂದು ಮಾತು ಅದ. ‘10 ನವೆಂಬರ 1973, ಶನಿವಾರ, ಮಧ್ಯಾಹ್ನ 1-17. ಬುಧ ಸೂರ್ಯನ ಮುಂದ ಹಾಯತಾನ. ಈ ಸಲ ಅಪ್ಪಾಗ ತೋರಸಬೇಕು.’

ಈ ಸಲ ಅಂತ ಯಾಕ ಬರದಾನ ಅನ್ನೂದು ನನಗ ಗೊತ್ತದ. ನಿಮ್ಮ ಮದವಿ ಆದ ಮುಂದಿನ ತಿಂಗಳ, ಎಪ್ಪತ್ತರ ಮೇದಾಗ, ಹಿಂಗ ಒಮ್ಮೆ ಆಗಿತ್ತು. ಅವ ಅಂಗಡಿ ತನಕ ಓಡಿ ಬಂದು ಕರದಿದ್ದ. ಗಿರಾಕಿ ಬಿಟ್ಟು ಬರಾಕ ಆಗೂದಿಲ್ಲೋ ಅಂದಿದ್ದೆ.

ದುರ್ಬೀಣ ಹಂಗ ಅದ. ಲೇಥಿನ ನಿಂಗಣ್ಣ ಮಾಡಿ ಕೊಟ್ಟ ಕಬ್ಬಿಣದ ಸ್ಟ್ಯಾಂಡೂ ಅದ. ನಾ ಕೂಡಿಸಿ ನೋಡಿದೆ. ಸೂರ್ಯ ಒಂದು ಮಿನಿಟ ನಿಲ್ಲೂದಿಲ್ಲ, ಕಾಗದದ ಮ್ಯಾಲಿಂದ ಓಡಿ ಹೋಗತಾನ. ರಾಚಪ್ಪ ಒಂದ ಕೈಲೆ ಒಂದು ಚಕ್ರ ತಿರುವತಿದ್ದ, ಸೂರ್ಯ ನಿಂತಲ್ಲೇ ನಿಂತಿರತಿದ್ದ. ಅದನ್ನ ಹೆಂಗ ಹೊಂದಸಬೇಕು ಅನ್ನೂದು ಈಗ ಗೊತ್ತಿದ್ದಾಕಿ ನೀ ಒಬ್ಬಾಕೆ. ತಿಳಿಸಿ ಬರಿ.

ಉತ್ತರ ಅಂಗಡಿ ಪತ್ತೇಕ್ಕ ಹಾಕು. ಮನಿಗೆ ಬ್ಯಾಡ.

ಚನ್ನವೀರಪ್ಪ


ಹನ್ನೂರ
ತಾ. 30-7-1973

ಮಾವನವರ ಪಾದಕ್ಕ ಸುಗಲಾಳ ಶರಣು.

ನಿಮ್ಮ ಪತ್ರ ಮುಟ್ಟಿತು. ‘ಚಿ.’ ಆದ ಮ್ಯಾಲ ‘ಸೌ.’ ಅಂತ ಬರದು, ಅದನ್ನ ಹೊಡದು ಹಾಕೀರಿ. ಬ್ಯಾರೆ ಕಾಗದ ತಗೋಬಹುದಿತ್ತು.

ನೀವು ಕೇಳಿದ್ದಕ್ಕ ಉತ್ತರ. ಮೂರು ಕೆಲಸ ಅದಾವ. ಮೊದಲು ಸ್ಟ್ಯಾಂಡಿನ ಬುಡ ಮಟ್ಟಸ ಇರಬೇಕು. ಗೌಂಡ್ಯಾರ ರಸಮಟ್ಟ ತರಸ್ರಿ, ಉದ್ದಕ ಅಡ್ಡಕ ಎರಡೂ ಇಟ್ಟು ನೋಡ್ರಿ. ಗುಳ್ಳಿ ನಡು ಬರೂತನಾ ಕಾಲಿನ ಕೆಳಗ ತಗಡು ತುರಕ್ರಿ.

ಎರಡನೇದು, ಓರಿ ದಾಂಡಿ. ದುರ್ಬೀಣ ಅದರ ಸುತ್ತ ತಿರಗತದ. ಆ ದಾಂಡಿ ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು. ಸೋಲಾಪುರದಾಗ ಧ್ರುವ ನೆಲದಿಂದ ಹದಿನೇಳೂವರಿ ಡಿಗ್ರಿಗಿಂತ ಚೂರು ಮ್ಯಾಲ ಇರತಾನ. ದಾಂಡಿ ಅಷ್ಟೇ ಎದ್ದಿರಬೇಕು, ಹೆಚ್ಚಿಲ್ಲ, ಕಡಿಮಿಲ್ಲ.

ಮೂರನೇದು, ದಾಂಡಿಯ ಮ್ಯಾಲಿನ ತುದಿ ಖರೆ ಉತ್ತರಕ್ಕ ಇರಬೇಕು. ದಿಕ್ಕು ತೋರಸೂ ಹೋಕಾಯಂತ್ರ ನಂಬಬ್ಯಾಡ್ರಿ, ಕಬ್ಬಿಣ ಅದನ್ನ ಎಳೀತದ. ಮಾಳಿಗಿ ಗಚ್ಚಿ ಮ್ಯಾಲ ಉತ್ತರಕ್ಕ ನಾವು ಹಾಕಿದ ಡಾಂಬರಿನ ಗೀರ ಅದ. ಅದರ ಮ್ಯಾಲ ಕೂಡಿಸ್ರಿ.

ದುರ್ಬೀಣದಾಗ ಕಣ್ಣಿಟ್ಟು ಸೂರ್ಯನ ನೋಡಬ್ಯಾಡ್ರಿ. ಕಣ್ಣು ಹೋಗತಾವ. ಬಿಳೀ ಕಾಗದದ ಮ್ಯಾಲ ಬೆಳಕು ಬೀಳಿಸಿ ನೋಡ್ರಿ.

ಸ್ಟ್ಯಾಂಡ ಐವತ್ತ ಕಿಲೋ ಅದ. ನೀವು ಎತ್ತಬ್ಯಾಡ್ರಿ. ಹಮಾಲನ್ನ ಕರೀರಿ.

ಸುಗಲಾ


ಸೋಲಾಪುರ
ತಾ. 9-8-1973

ಚಿ. ಸುಗಲಾಗೆ ಆಶೀರ್ವಾದ.

ವಿ. ವಿ. ನಿನ್ನ ಪತ್ರ ಬಂದ ದಿವಸ ಅಂಗಡಿ ಅರ್ಧಾ ತಾಸು ಮೊದಲ ಮುಚ್ಚಿದೆ. ಅಂಗಡಿ ಹಮಾಲ ಅಮೋಗಸಿದ್ಧನ್ನ ಕರಕೊಂಡು ಗಚ್ಚಿಗೆ ಹ್ವಾದೆ. ನಾ ಏನೂ ಎತ್ತಲಿಲ್ಲ. ಬುಡ ಮಟ್ಟಸ ಆತು. ಗುಳ್ಳಿ ನಡು ಬಂದಾಗ ಅಮೋಗಸಿದ್ಧ ‘ಸಾವಕಾರ್ರ, ಕೂಸಿಗೆ ನಿದ್ದಿ ಹತ್ತಿದಂಗ ನಿಂತದ ನೋಡ್ರಿ’ ಅಂದ.

ಮುಂದ ಎರಡು ತ್ರಾಸ ಅದಾವ. ದಾಂಡಿ ಎಷ್ಟ ಎದ್ದದ ಅಂತ ಅಳಿಯೂದು ಹೆಂಗ? ರಾಚಪ್ಪನ ಕಡೆ ಸಾಗವಾನಿ ಕಟಗೀದು ಒಂದು ತ್ರಿಕೋನ ಇತ್ತು. ದಾಂಡಿ ಮ್ಯಾಲ ಅದನ್ನ ಇಟ್ಟು, ಅದರ ಮ್ಯಾಲ ರಸಮಟ್ಟ ಇಟ್ಟು ನೋಡತಿದ್ದ. ಟ್ರಂಕು, ಮಾಡ, ಜಿನಾದ ಮೆಟ್ಟಲ ಕೆಳಗಿನ ಖೋಲಿ, ಎಲ್ಲಾ ಹುಡಕಿದೆ. ಇಲ್ಲ.

ಎರಡನೇದು, ಗಚ್ಚಿ ಸೋರತದ ಅಂತ ಹ್ವಾದ ಬ್ಯಾಸಗ್ಯಾಗ ನಿಮ್ಮ ಅತ್ತಿ ಸಿಮೆಂಟಿನ ಗಿಲಾವ ಮಾಡಿಸಿದಳು. ಡಾಂಬರಿನ ಗೀರು ಅದರ ಕೆಳಗ ಹೋಗ್ಯಾದ. ನನಗ ಆವಾಗ ಅದು ಗೊತ್ತಾಗಲಿಲ್ಲ.

‘ಸೌ.’ ಬಗ್ಗೆ ನೀ ಬರದದ್ದು ಓದಿದೆ. ಕೈ ರೂಢಿ ಅದು.

ನಿಮ್ಮ ಅತ್ತಿ ಉಮಾಬಾಯಿ ಗಚ್ಚಿಗೆ ಹತ್ತೂದಿಲ್ಲ. ರಾಚಪ್ಪ ಹ್ವಾದ ಆ ದಿನದಿಂದ ಹತ್ತಿಲ್ಲ. ಸಂಡಿಗಿ ವಾಳವಣ ಹಾಕಾಕನೂ ಕೆಲಸದಾಕಿನ್ನ ಕಳಸತಾಳ. ನಾ ಏನ ಮಾಡಾಕತ್ತೀನಿ ಅಂತ ಕೇಳಿಲ್ಲ, ನಾನೂ ಹೇಳಿಲ್ಲ.

ನಿನ್ನ ತಬ್ಯೇತ ಹೆಂಗದ?

ಚನ್ನವೀರಪ್ಪ


ಹನ್ನೂರ
ತಾ. 27-8-1973

ಮಾವನವರಿಗೆ ಸುಗಲಾಳ ಶರಣು.

ತ್ರಿಕೋನ ನನ್ನ ಹಂತೇಕ ಅದ. ಬರುವಾಗ ಸೀರ್ಯಾಗ ಸುತ್ತಿಕೊಂಡು ತಂದೆ. ಯಾರಿಗೂ ಕೇಳಲಿಲ್ಲ. ಅದರ ಮ್ಯಾಲ ಅವರ ಪೆನ್ಸಿಲ ಅಕ್ಷರ ಅದಾವ. ನಾಳೆ ಅಣ್ಣ ಮಾರ್ಕೇಟಿಗೆ ಬರತಾನ, ಈ ಪತ್ರದ ಸಂಗಾಟ ಅಂಗಡ್ಯಾಗ ಕೊಡತಾನ. ಕೆಲಸ ಮುಗದ ಮ್ಯಾಲ ತಿರುಗಿ ಕಳಸ್ರಿ.

ಉತ್ತರ ಹುಡಕೂದು ಹೇಳತೀನಿ. ಬಿಸಲಿನ ದಿವಸ ನೋಡಿ ಗಚ್ಚಿ ಮ್ಯಾಲ ಒಂದು ಕೋಲು ನೆಟ್ಟಗ ನಿಲ್ಲಿಸ್ರಿ. ಕೋಲಿನ ಬುಡಕ್ಕ ದಾರ ಕಟ್ಟಿ ಸುಣ್ಣದ ಖಡೂಲೆ ಸುತ್ತ ಒಂದು ಗೋಲ ಹಾಕ್ರಿ. ಮುಂಜಾನಿ ನೆರಳು ಉದ್ದ ಇರತದ, ಬರಬರತ ಸಣ್ಣದಾಗತದ. ನೆರಳಿನ ತುದಿ ಗೋಲಿನ ಗೀರಿಗೆ ಮುಟ್ಟಿದಲ್ಲಿ ಒಂದು ಚುಕ್ಕಿ ಇಡ್ರಿ. ಮಧ್ಯಾಹ್ನ ತಿರುಗಿದ ಮ್ಯಾಲ ನೆರಳು ಬೆಳೀಕೋತ ಮತ್ತೊಂದು ಕಡೆ ಗೀರಿಗೆ ಮುಟ್ಟತದ. ಅಲ್ಲೂ ಚುಕ್ಕಿ ಇಡ್ರಿ. ಎರಡು ಚುಕ್ಕಿ ನಡುವ ಸರೀ ಅರ್ಧಕ್ಕ ಕೋಲಿನಿಂದ ದಾರ ಎಳದ್ರ ಅದೇ ಉತ್ತರ. ಗಡಿಯಾರ ಬೇಕಾಗಿಲ್ಲ. ನೆರಳು ಕಾಯಾಕ ಒಬ್ಬರು ಇಡೀ ದಿವಸ ಕೂಡಬೇಕು. ನಾ ಕೂಡತಿದ್ದೆ. ಅವರು ನಡುವ ನಡುವ ಎದ್ದು ಹೋಗತಿದ್ದರು, ಅವರಿಗೆ ತಾಳ್ಮಿ ಕಡಿಮಿ.

ಸ್ಟ್ಯಾಂಡ ಪೂರ್ವದ ಮೂಲ್ಯಾಗ ಇಡಬ್ಯಾಡ್ರಿ. ನವೆಂಬರದಾಗ ನಾಕ ಗಂಟೇಕ್ಕ ಗಿರಣಿ ಚಿಮಣಿ ಸೂರ್ಯನ್ನ ಮರಿ ಮಾಡತದ. ಪಶ್ಚಿಮದ ಮೂಲ್ಯಾಗ ಇಟ್ಟರ ಮುಳಗೂತನಾ ಸಿಗತಾನ. ಇದನ್ನ ಆವತ್ತ ಅವರಿಗೆ ಹೇಳಿದಾಕಿ ನಾನೇ. ಹೇಳಬಾರದಿತ್ತು.

ಸುಗಲಾ


ಸೋಲಾಪುರ
ತಾ. 5-9-1973

ಚಿ. ಸುಗಲಾಗೆ ಆಶೀರ್ವಾದ.

ವಿ. ವಿ. ಖಂಡಪ್ಪ ತ್ರಿಕೋನ ತಂದು ಕೊಟ್ಟ. ಚಹಾ ಕುಡೀ ಅಂದೆ, ಬಸ್ಸಿಗೆ ಹೊತ್ತಾತು ಅಂದು ಹೊಂಟ ಹ್ವಾದ. ತ್ರಿಕೋನ ಜ್ವಾಕಿಲೆ ಇಟ್ಟೀನಿ. ದಾಂಡಿ ಅದಕ್ಕ ಸರಿಯಾಗಿ ಎಬ್ಬಿಸಿ ಬೋಲ್ಟ ಬಿಗದೆ. ಪಾನಾ ಸಣ್ಣದಿತ್ತು, ನಿಂಗಣ್ಣನ ಕಡಿಂದ ದೊಡ್ಡದು ತರಿಸಿದೆ.

ನೆರಳು ಕಾಯೂದು ಭಾಳ ತ್ರಾಸಿನ ಕೆಲಸ. ಎರಡ ಸಲ ಮುಂಜಾನಿ ಚುಕ್ಕಿ ಇಟ್ಟೆ, ಮಧ್ಯಾಹ್ನ ಮೋಡ ಬಂತು. ಮೂರನೇ ಸಲಕ್ಕ ಆತು. ಇಡೀ ದಿವಸ ಛತ್ರಿ ಹಿಡಕೊಂಡು ಕೂತೆ. ಇಷ್ಟು ವರ್ಷದಾಗ ಕೈಯಾಗ ಏನೂ ಕೆಲಸ ಇಲ್ಲದ ಹಂಗ ಒಂದು ದಿವಸ ಕೂತಿದ್ದಿಲ್ಲ.

ಈಗ ಸೂರ್ಯ ಮೊದಲಿನಂಗ ಓಡೂದಿಲ್ಲ. ಕಾಗದದ ಮ್ಯಾಲ ಗೋಲ ಹಾಕಿ ಅದರಾಗ ಅವನ್ನ ಕೂಡಿಸಿದೆ. ಒಂದ ಚಕ್ರ ತಿರುವಿಕೋತ ಹೊಂಟರ ಅರ್ಧಾ ತಾಸಿಗೆ ಒಂದು ಬಾಜೂಕ್ಕ ಜರಗತಾನ. ಇನ್ನೂ ಎಲ್ಲೋ ತಪ್ಪದ.

ಆ ದಿನದ ಮಾತು ಬರದಿ. ಅದನ್ನ ಮನಸ್ಸಿಗೆ ಹಚ್ಚಿಕೋಬ್ಯಾಡ. ಆಗಿದ್ದು ಆಗಿ ಹ್ವಾತು. ನನ್ನ ಮನಸ್ಸಿನ್ಯಾಗ ನಿನ್ನ ಮ್ಯಾಲ ಏನೂ ಸಿಟ್ಟಿಲ್ಲ.

ಚನ್ನವೀರಪ್ಪ


ಹನ್ನೂರ
ತಾ. 14-9-1973

ಮಾವನವರಿಗೆ ಶರಣು.

ಸಿಟ್ಟಿಲ್ಲ ಅಂತ ಬರದೀರಿ. ಸಿಟ್ಟ ಆಗೂವಂಥಾದ್ದು ನಾ ಮಾಡೀನಿ, ನೀವು ದೊಡ್ಡ ಮನಸ್ಸು ಮಾಡಿ ಬಿಟ್ಟೀರಿ ಅಂತ ಆತು. ನೀವೂ ಹಂಗ ತಿಳಕೊಂಡೀರಿ ಅನ್ನೂದು ನನಗ ಇವತ್ತ ಖಾತ್ರಿ ಆತು. ಇಷ್ಟ ದಿವಸ ಅತ್ತಿಯವರು ಒಬ್ಬರೇ ಅಂದಾರ ಅಂತ ಇದ್ದೆ.

ಹಂಗಾದ್ರ ಪೂರಾ ಕೇಳ್ರಿ, ಆವತ್ತ ನೀವು ಅಂಗಡ್ಯಾಗ ಇದ್ರಿ. ಸಂಕ್ರಾಂತಿ ಇನ್ನ ವಾರ ಇತ್ತು. ದಿನಾ ನಾಕ ಗಂಟೇಕ್ಕ ಚಿಮಣಿ ಅಡ್ಡ ಬರತದ ಅಂತ ಅವರು ಚಡಪಡಿಸತಿದ್ದರು. ನಾ ಅಂದೆ, ಸ್ಟ್ಯಾಂಡ ಪಶ್ಚಿಮದ ಮೂಲಿಗೆ ಇಟ್ಟರ ಹೆಂಗ? ಅವರಿಗೆ ಎಷ್ಟ ಖುಷಿ ಆತು ಅಂದ್ರ, ‘ನಿನ್ನ ತಲಿ ನನಗ ಇರಬೇಕಿತ್ತು’ ಅಂದ್ರು. ಎತ್ತಾಕ ನಿಂಗಣ್ಣಗ ಹೇಳಿ ಕಳಸೂಣು ಅಂದೆ. ಯಾಕ, ನನ್ನ ಕೈ ಮುರದಾವೇನು ಅಂದ್ರು. ನಾ ಹಾಲು ಉಕ್ಕತದ ಅಂತ ಕೆಳಗ ಇಳದೆ. ಮ್ಯಾಲ ಕಬ್ಬಿಣ ಬಿದ್ದ ಸಪ್ಪಳ ಆತು. ಜಿನಾ ಹತ್ತಿ ಹ್ವಾದ್ರ ಅವರು ಅದರ ಬಾಜೂಕ ಕೂತಿದ್ರು, ಗ್ವಾಡಿಗೆ ಬೆನ್ನ ಹಚ್ಚಿ. ‘ದಮ್ಮು ಹತ್ತೇದ, ನೀರು ತಾ’ ಅಂದ್ರು. ನೀರು ತಂದೆ. ಕುಡೀಲಿಲ್ಲ.

ಇಪ್ಪತ್ಮೂರು ವರ್ಷದ ಮನಷ್ಯಾ.

ತಿಂಗಳ ಆದ ಮ್ಯಾಲ ಅತ್ತಿಯವರು ಬಾಗಲದಾಗ ನಿಂತು, ಓಣಿ ಹೆಣಮಕ್ಕಳು ಕೇಳೂವಂಗ ಅಂದ್ರು: ‘ಎತ್ತಿನಂಗ ಭಾರ ಹೊರಿಸಿ ನನ್ನ ಮಗನ್ನ ತಿಂದಿ. ಈ ಹೊಸ್ತಲಾ ಇನ್ನ ತುಳೀಬ್ಯಾಡ.’ ಬಾಜೂಮನಿ ಕಲ್ಯಾಣಮ್ಮ ಇದ್ರು, ಸಾವಿತ್ರಿಬಾಯಿ ಇದ್ರು. ನೀವೂ ಇದ್ರಿ. ರುಮಾಲ ಸುತ್ತಿಕೋತ ನಿಂತಿದ್ರಿ. ನಾ ನಿಮ್ಮ ಕಡೆ ನೋಡಿದೆ. ನೀವು ಕನ್ನಡಿ ನೋಡಾಕ ಹತ್ತಿದ್ರಿ.

ಅಣ್ಣ ಈಗ ನನ್ನ ಉಡಿಕಿ ಮಾಡಿ ಮತ್ತೊಂದು ಮನಿಗೆ ಕೊಡಬೇಕು ಅಂತಾನ. ಕರಜಗಿಯವರು, ಹಣಮಂತಪ್ಪ ಅಂತ, ಎಸ್.ಟಿ. ಬಸ್ಸಿನ ಕಂಡಕ್ಟರ. ಹೆಂಡತಿ ತೀರಿಕೊಂಡಾಳ. ಛಲೋ ಮನಷ್ಯಾ ಅಂತಾರ. ನಾ ಒಲ್ಲೆ ಅಂದೀನಿ. ಒಬ್ಬರನ್ನ ಕಳದಾಕಿ ನಾನು, ಮತ್ತೊಬ್ಬರ ಮನ್ಯಾಗ ದೀಪ ಹೆಂಗ ಹಚ್ಚಲಿ?

ನೀವು ಕೇಳಿದ್ದಕ್ಕ: ಸರೀ ಮಧ್ಯಾಹ್ನದಾಗ ನೋಡ್ರಿ. ದುರ್ಬೀಣದ ಬಾಯಿ ಚೂರು ದಕ್ಷಿಣಕ್ಕ ನೂಕ್ರಿ. ಕಾಗದದ ಮ್ಯಾಲ ಸೂರ್ಯ ಯಾವ ಕಡೆ ಸರೀತಾನ, ಕಾಗದದಾಗ ಅದು ಉತ್ತರ. ಮತ್ತ ಗೋಲಿನ್ಯಾಗ ಕೂಡಿಸಿ ಚಕ್ರ ತಿರುವ್ರಿ. ಉತ್ತರಕ್ಕ ಜರಗಿದ್ರ ದಾಂಡಿಯ ಮ್ಯಾಲಿನ ತುದಿ ಪಶ್ಚಿಮಕ್ಕ ಹೋಗ್ಯಾದ, ಪೂರ್ವಕ್ಕ ತರ್ರಿ. ದಕ್ಷಿಣಕ್ಕ ಜರಗಿದ್ರ ಪೂರ್ವಕ್ಕ ಹೋಗ್ಯಾದ, ಪಶ್ಚಿಮಕ್ಕ ತರ್ರಿ. ಒಂದ ಸಲಕ್ಕ ಒಂದ ಕೂದಲೆಳಿಯಷ್ಟ ಸರಸ್ರಿ. ಅವಸರ ಮಾಡಿದ್ರ ಮೊದಲಿನಕಿಂತ ಕೆಡತದ.

ಇನ್ನ ಕೇಳೂದು ಏನೂ ಉಳದಿಲ್ಲ. ಪತ್ರ ಬ್ಯಾಡ.

ಸುಗಲಾ


ಸೋಲಾಪುರ
ತಾ. 30-10-1973

ಸುಗಲಾ,

ನಿನ್ನ ಪತ್ರ ಬಂದು ಆರ ವಾರ ಆತು. ದಸರಾ ಹ್ವಾತು, ದೀಪಾವಳಿ ಹ್ವಾತು. ಎಂಟ ಸಲ ಬರದು ಹರದೀನಿ.

ನೀ ಅವನ್ನ ಕಳದಿಲ್ಲ. ನಾ ಹೇಳತೀನಿ ಕೇಳು.

ಸಣ್ಣಾವ ಇದ್ದಾಗ ರಾಚಪ್ಪಗ ಜ್ವರ ಬಂದು ಕೀಲು ಕೀಲು ಬಾತಿದ್ದವು. ಕಡಿಮಿ ಆತು, ಮರತ ಬಿಟ್ಟಿವಿ. ಅರವತ್ತಾರರಾಗ, ಅವಗ ಹದಿನೇಳು ಇದ್ದಾಗ, ಜಿನಾ ಹತ್ತಿದ್ರ ದಮ್ಮ ಹತ್ತಾಕ ಶುರು ಆತು. ಅಂಗಡಿ ಕೆಲಸ ಅದ ಅಂತ ಮನ್ಯಾಗ ಹೇಳಿ ನಾ ಅವನ್ನ ದೊಡ್ಡ ಡಾಕ್ಟರ ಹಂತೇಕ ಕರಕೊಂಡ ಹ್ವಾದೆ. ಅವರು ಎದಿಗೆ ನಳಿಗಿ ಹಚ್ಚಿ ಭಾಳ ಹೊತ್ತು ಕೇಳಿದ್ರು. ಅವನ್ನ ಹೊರಗ ಬಾಕಿನ ಮ್ಯಾಲ ಕೂಡ್ರು ಅಂತ ಕಳಿಸಿ ನನಗ ಹೇಳಿದ್ರು. ಎದೀ ಒಳಗ ರಗತ ಹಾಯೂ ಒಂದು ಬಾಗಲ ಕೆಟ್ಟದ ಅಂದ್ರು. ಭಾರ ಎತ್ತಬಾರದು, ಓಡಬಾರದು. ಮುಂಬೈಗೆ ಒಯ್ದು ತೋರಸ್ರಿ ಅಂದ್ರು. ಹಿಂಗೇ ಐವತ್ತು ವರ್ಷನೂ ಇರಬಹುದು, ಇಪ್ಪತ್ತರಾಗೂ ಹೋಗಬಹುದು ಅಂದ್ರು.

ನಾ ಹೊರಗ ಬಂದೆ. ಅವ ಬಾಕಿನ ಮ್ಯಾಲ ಕೂತು ಅಲ್ಲಿದ್ದ ಹಳೇ ಪೇಪರ ಓದಾಕತ್ತಿದ್ದ. ‘ಏನಂದ್ರಪಾ?’ ಅಂದ. ‘ಅಶಕ್ತಪಣಾ ಅದ, ಹಾಲು ಕುಡೀ ಅಂದ್ರು’ ಅಂದೆ.

ಅಷ್ಟೇ. ಉಮಾಬಾಯಿಗೆ ಹೇಳಲಿಲ್ಲ. ಮುಂಬೈಗೆ ಒಯ್ಯಲಿಲ್ಲ. ಒಬ್ಬನ ಮಗ, ಹೊರಗ ಗೊತ್ತಾದ್ರ ಯಾರು ಹೆಣ್ಣ ಕೊಡತಾರ ಅಂದೆ. ವರ್ಷ ಎರಡ ವರ್ಷ ಏನೂ ಆಗಲಿಲ್ಲ. ಡಾಕ್ಟರ ತಪ್ಪಿರಬೇಕು ಅಂತ ನಾನೇ ನನಗ ಹೇಳಿಕೊಂಡೆ. ನಿನ್ನ ನೋಡಾಕ ಹನ್ನೂರಿಗೆ ಬಂದಾಗ ಖಂಡಪ್ಪ ಕೇಳಿದ್ದ, ‘ಹುಡುಗನ ತಬ್ಯೇತ ಹೆಂಗದ್ರಿ?’ ಅಂತ. ‘ಕಲ್ಲಿನಂಗ ಅದಾನ’ ಅಂದೆ.

ಆ ದಿನ ಬಂದ ಡಾಕ್ಟರೂ ಅವರೇ. ಕೈ ನೋಡಿ, ನನ್ನ ಮಾರಿ ನೋಡಿ, ‘ನಾ ಹೇಳಿದ್ದೆ’ ಅಂದ್ರು. ನೀ ಅಲ್ಲೇ ಇದ್ದಿ, ಅವರು ಮರಾಠಿಯೊಳಗ ಸಾವಕಾಶ ಅಂದ್ರು, ನಿನಗ ಕೇಳಲಿಲ್ಲ. ಉಮಾಬಾಯಿ ನಿನಗ ಅನ್ನುವಾಗ ನಾ ರುಮಾಲ ಸುತ್ತಿಕೋತ ನಿಂತಿದ್ದು ಖರೆ. ಬಾಯಿ ತಗದ್ರ ಎಲ್ಲಾ ಹೊರಗ ಬೀಳತದ ಅಂತ ಹೆದರಿಕಿ. ಆಕಿ ಸಿಟ್ಟು ನಿನ್ನ ಮ್ಯಾಲ ಹ್ವಾತು, ನಾ ಉಳದೆ ಅನಿಸಿತು. ಇದನ್ನೂ ಬರೀತೀನಿ.

ಜುಲೈದಾಗ ಇದನ್ನೇ ಬರಿಯಾಕ ಕೂತಿದ್ದೆ. ಕೈ ಸ್ಟ್ಯಾಂಡಿನ ಸುದ್ದಿ ಬರೀತು. ಬುಧನ ನೋಡಬೇಕು ಅನ್ನೂದೂ ಸುಳ್ಳಲ್ಲ. ಖರೆ, ಸ್ಟ್ಯಾಂಡಿನ ಸುದ್ದಿ ಇರೂತನಾ ನೀ ಉತ್ತರ ಬರೀತಿ ಅನ್ನೂದೂ ಇತ್ತು.

ಆ ಕರಜಗಿಯವರಿಗೆ ಬ್ಯಾಡ ಅನಬ್ಯಾಡ.

ಚನ್ನವೀರಪ್ಪ


ಹನ್ನೂರ
ತಾ. 5-11-1973

ಚನ್ನವೀರಪ್ಪನವರಿಗೆ.

ಹೊಲದಾಗ ಜ್ವಾಳದ ಕಳೆ ತಗಿಯೂ ಮುಂದ ಪೋಸ್ಟಮನ್ ತಂದು ಕೊಟ್ಟ. ಬದುವಿನ ಮ್ಯಾಲ ಕೂತು ಓದಿದೆ. ಎರಡನೇ ಸಲ ಓದಾಕ ಆಗಲಿಲ್ಲ.

ಹದಿನೇಳು ಮತ್ತ ನಾಕು, ಇಪ್ಪತ್ತೊಂದು ತಿಂಗಳು ನಾ ಈ ಮನ್ಯಾಗ ಯಾರ ಮದವಿಗೆ ಹೋಗಿಲ್ಲ, ಯಾರ ಕೂಸಿನ್ನ ಎತ್ತಿಕೊಂಡಿಲ್ಲ. ನನ್ನ ಕೈ ಕೆಟ್ಟ ಕೈ ಅಂತ ನಾನೇ ತಿಳಕೊಂಡಿದ್ದೆ. ಮಕ್ಕೊಂಡ್ರ ಕಬ್ಬಿಣದ ಸಪ್ಪಳ. ನನ್ನ ತಪ್ಪಿಲ್ಲ ಅನ್ನೂದು ನಿಮಗ ಗೊತ್ತಿತ್ತು. ಒಂದು ಕಾರ್ಡ, ಒಂದು ಮಾತು ಸಾಕಿತ್ತು.

ಕಾಗದದ ಮ್ಯಾಲ ನನಗ ಹೇಳಿದ್ರ ಮುಗೀತೇನ್ರಿ? ನನಗ ಅಂದಿದ್ದು ಕಾಗದದ ಮ್ಯಾಲ ಅಲ್ಲ. ಬಾಗಲದಾಗ, ಹೆಣಮಕ್ಕಳ ಮುಂದ. ನಿಮಗ ಧೈರ್ಯ ಇದ್ದರ ಅತ್ತಿಯವರಿಗೆ ಹೇಳ್ರಿ. ಕಲ್ಯಾಣಮ್ಮ, ಸಾವಿತ್ರಿಬಾಯಿ ಇಬ್ಬರನ್ನೂ ಕರೀರಿ, ಅವರ ಮುಂದ ಹೇಳ್ರಿ. ಬಾಯಿ ತಗದು ಹೇಳ್ರಿ.

ಬುಧನ್ನ ನೋಡ್ರಿ, ಬಿಡ್ರಿ. ಅದು ನಿಮ್ಮದು.

ಸುಗಲಾ


ಸೋಲಾಪುರ
ತಾ. 11-11-1973

ಚಿ. ಸುಗಲಾಗೆ.

ನಿನ್ನೆ ಹೇಳಿದೆ.

ಮುಂಜಾನಿ ಅಂಗಡಿ ತಗೀಲಿಲ್ಲ. ಹನ್ನೆರಡಕ್ಕ ಉಮಾಬಾಯಿಗೆ, ಗಚ್ಚಿಗೆ ಬಾ, ಒಂದು ಮಾತದ ಅಂದೆ. ಒಲ್ಲೆ ಅಂದಳು. ಬಾ ಅಂದ್ರ ಬಾ ಅಂದೆ. ನಾ ಹಂಗ ಗಟ್ಟ್ಯಾಗಿ ಅಂದಿದ್ದು ಕೇಳಿ ಗಾಬರಿ ಆಗಿ ಹತ್ತಿದಳು. ಕಲ್ಯಾಣಮ್ಮ, ಸಾವಿತ್ರಿಬಾಯಿ ಮೊದಲ ಬಂದು ಕೂತಿದ್ರು. ಅವರಿಗೆ ಏನೋ ದೇವರ ಕೆಲಸ ಅದ ಅನಿಸಿತ್ತು, ಒಬ್ಬಾಕಿ ಹೂವು ತಂದಿದ್ದಳು.

ನಾ ನಿಂತು ಹೇಳಿದೆ. ಡಾಕ್ಟರ ಹೇಳಿದ್ದು, ನಾ ಮುಚ್ಚಿದ್ದು, ನಿಮ್ಮಣ್ಣಗ ಹುಡುಗ ಕಲ್ಲಿನಂಗ ಅದಾನ ಅಂದಿದ್ದು. ಸುಗಲಾಂದು ಏನೂ ತಪ್ಪಿಲ್ಲ ಅಂತ ಎರಡ ಸಲ ಅಂದೆ. ಸಾವಿತ್ರಿಬಾಯಿ ಸೆರಗು ಬಾಯಿಗೆ ಹಚ್ಚಿಕೊಂಡಳು. ಉಮಾಬಾಯಿ ಒಂದೇ ಮಾತು ಕೇಳಿದಳು.

‘ಅವಗರೆ ಗೊತ್ತಿತ್ತೇನು?’

‘ಇಲ್ಲ.’

‘ತನ್ನ ಮೈಯಾಗ ಏನದ ಅಂತ ಅವಗೂ ಹೇಳಲಿಲ್ಲ ನೀವು.’

ಆಕಿ ಅಳಲಿಲ್ಲ. ನಿನ್ನ ಸ್ಟ್ಯಾಂಡಿನ ಕಡೆ ನೋಡಿದಳು. ಇಳದು ಹ್ವಾದಳು. ಹೆಣಮಕ್ಕಳೂ ಹಿಂದ ಹ್ವಾದರು.

ಗಂಟೆ ಒಂದೂ ಹದಿನೈದು ಆಗಿತ್ತು. ಇಳಿಯಬೇಕು ಅಂತ ಜಿನಾ ತನಕ ಹೋಗಿ, ದುರ್ಬೀಣದ ಹಂತೇಕ ತಿರುಗಿ ಬಂದೆ. ಕಾಗದದ ಮ್ಯಾಲ ಸೂರ್ಯನ ಅಂಚಿನ್ಯಾಗ ಸೂಜಿಮೊನಿ ಊರಿದಷ್ಟು ಕರೀದು ಕಾಣಿಸಿತು. ದುಂಡಗ, ಭಾಳ ಕರೀದು. ಇಡೀ ಮಧ್ಯಾಹ್ನ ಸೂರ್ಯ ಗೋಲಿನ ಹೊರಗ ಹೋಗಲಿಲ್ಲ. ನೀ ಹೇಳಿದಂಗ ಕೂದಲೆಳಿ, ಕೂದಲೆಳಿ ಸರಿಸಿ ಕೂಡಿಸಿದ್ದೆ. ಒಂದ ಕೈಲೆ ತಿರುವಿಕೋತ ಕೂತೆ. ಬುಧ ಆಚೀ ಅಂಚು ಮುಟ್ಟೂದು ನೋಡಲಿಲ್ಲ, ಅದರ ಮೊದಲ ಹೊತ್ತು ಮುಳಗತು. ನೋಡಿದೆ ಅಂತ ಯಾರಿಗೆ ಹೇಳಲಿ?

ನಿನ್ನೆಯಿಂದ ಉಮಾಬಾಯಿ ನನ್ನ ಸಂಗಾಟ ಮಾತಾಡಿಲ್ಲ. ತಾಟ ಇಟ್ಟು ಒಳಗ ಹೋಗತಾಳ.

ತ್ರಿಕೋನ ಈ ಪತ್ರದ ಸಂಗಾಟ ಅಮೋಗಸಿದ್ಧನ ಕೈಯಾಗ ಕಳಸೀನಿ.

ಚನ್ನವೀರಪ್ಪ


(ಕಾರ್ಡು)

ಸೋಲಾಪುರ
ತಾ. 4-12-1973

ಚಿ. ಖಂಡಪ್ಪ, ಚಿ. ಸುಗಲಾ ಇಬ್ಬರಿಗೂ. ಉಮಾಬಾಯಿ ಇವತ್ತ ಮುಂಜಾನಿ ಹೇಳದ ಮನಿ ಬಿಟ್ಟು ಹೋಗ್ಯಾಳ. ಒಂದು ಚೀಲ ಒಯ್ದಾಳ. ಸಿದ್ಧೇಶ್ವರ ಗುಡಿ, ಆಕಿ ಅಕ್ಕನ ಮನಿ, ಸ್ಟೇಶನ್, ಎಲ್ಲಾ ನೋಡಿದೆ. ಕೆರಿ ದಂಡಿಗೂ ಹೋಗಿ ಬಂದೆ. ನಿಮ್ಮ ಕಡೆ ಬಂದಿದ್ರ ತಾರ ಮಾಡ್ರಿ. ನನಗ ಏನೂ ತಿಳೀವಲ್ದು. — ಚನ್ನವೀರಪ್ಪ


ಹನ್ನೂರ
ತಾ. 20-1-1974

ಮಾವನವರಿಗೆ ಸುಗಲಾಳ ಶರಣು.

ಅತ್ತಿಯವರು ಇಲ್ಲಿದ್ದದ್ದು, ಐದನೇ ದಿವಸ ಅಲ್ಲಿಗೆ ತಿರುಗಿ ಬಂದದ್ದು, ಅಣ್ಣ ಮಾಡಿದ ತಾರಿನಿಂದ ನಿಮಗ ಗೊತ್ತದ. ಇಲ್ಲಿ ಏನಾತು ಅನ್ನೂದು ಅವರು ನಿಮಗ ಹೇಳಿರಾಕಿಲ್ಲ. ನಾ ಹೇಳತೀನಿ.

ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಇಳದು ಬಂದ್ರು. ಒಳಗ ಬರ್ರಿ ಅಂದ್ರ ಬರಲಿಲ್ಲ. ಕಟ್ಟಿ ಮ್ಯಾಲ ಕೂತು, ಬಾಜೂದ ಹೆಣಮಕ್ಕಳನ್ನೆಲ್ಲ ಕರಿ ಅಂದ್ರು. ಅಣ್ಣನ ಹೆಂಡತಿ, ನಮ್ಮ ವೈನಿ, ಹೆದರಿ ಕರಕೊಂಡ ಬಂದಳು. ಎಲ್ಲಾರ ಮುಂದ ಅಂದ್ರು: ‘ಈ ಹುಡಗಿಗೆ ನಾ ಅನಬಾರದ್ದು ಅಂದೀನಿ. ನನ್ನ ಮಗ ಹುಟ್ಟಿದಾಗಿಂದ ನನ್ನ ಕೈಯಾಗ ಬೆಳದಾವ, ಅವಗ ಏನಾಗಿತ್ತು ಅನ್ನೂದು ನನಗೇ ತಿಳೀಲಿಲ್ಲ, ಈಕಿಗೆ ಹೆಂಗ ತಿಳೀಬೇಕು?’ ಆಮ್ಯಾಲ ಒಳಗ ಬಂದ್ರು. ನನಗ ಕ್ಷಮಾ ಮಾಡು ಅಂತ ಅನ್ನಲಿಲ್ಲ. ನಾ ಕೊಟ್ಟ ರೊಟ್ಟಿ ಉಂಡ್ರು. ಐದು ದಿವಸ ನನ್ನ ಬಾಜೂಕ ಮಕ್ಕೊಂಡ್ರು. ತಮ್ಮ ಮಗನ ಸುದ್ದಿ ಕೇಳಿದ್ರು, ನಾ ಹೇಳಿದೆ. ಗಚ್ಚಿ ಮ್ಯಾಲ ಏನ ಮಾಡತಿದ್ರಿ, ಏನ ತಿನ್ನತಿದ್ದ, ಯಾಕ ನಗತಿದ್ದ. ನನಗ ಇದನ್ನ ಕೇಳಿದವರು ಅವರೇ ಮೊದಲು.

ಅತ್ತಿಯವರು ಊರಿಗೆ ಹ್ವಾದ ದಿವಸ ನಾ ಅತ್ತೆ. ಇಷ್ಟು ತಿಂಗಳು ನಾ ನಿಮ್ಮ ಮಗನಿಗಾಗಿ ಅತ್ತಿದ್ದಿಲ್ಲ ಮಾವಾರ. ನಾ ಏನ ಮಾಡಿದೆ, ನಾ ಯಾಕ ಹೇಳಿದೆ, ಇದರಾಗೇ ಇದ್ದೆ. ಅದು ಹೋದ ಮ್ಯಾಲ ಬರೇ ಅವರು ಉಳದ್ರು. ಎರಡ ವರ್ಷದ ಹಿಂದ ಹ್ವಾದವರು ನನಗ ಹ್ವಾದ ತಿಂಗಳ ತೀರಿಕೊಂಡರು.

ನಿಮ್ಮ ಮ್ಯಾಲ ಸಿಟ್ಟದ. ನನಗ ಮಾಡಿದ್ದಕ್ಕ ಅಲ್ಲ, ಅದು ಸವಕಳಿ ಆದೀತು. ಅವರಿಗೆ ಹೇಳಲಿಲ್ಲ ಅನ್ನೂದಕ್ಕ. ಗೊತ್ತಿದ್ರ ಅವರು ಕೂತಲ್ಲೇ ಕೂತು ಹೇಳತಿದ್ರು, ನಾನು, ನಿಂಗಣ್ಣ ಕೂಡಿ ಎತ್ತತಿದ್ದೆವು. ಅವರಿಗೆ ನಾಚಿಕಿ ಆಗತಿರಲಿಲ್ಲ. ನೀವು ಅವರನ್ನ ಅಷ್ಟೂ ಅರತಿರಲಿಲ್ಲ.

ಕರಜಗಿಯವರಿಗೆ ಹೂಂ ಅಂದೀನಿ. ಮೊದಲು ದವಾಖಾನಿಗೆ ಹೋಗಿ ಎದಿ ತೋರಿಸಿಕೊಂಡ ಬರ್ರಿ ಅಂತ ನಾನೇ ಅವರ ಮುಂದ ಅಂದೆ. ಅಣ್ಣಗ ಮಾರಿ ಎತ್ತಾಕ ಆಗಲಿಲ್ಲ. ಅವರು ಸಿಟ್ಟಾಗಲಿಲ್ಲ. ರಜಾ ಹಾಕಿ ಸೋಲಾಪುರಕ್ಕ ಹೋಗಿ, ಡಾಕ್ಟರ ಬರದ ಚೀಟಿ ತಂದು ನನ್ನ ಕೈಯಾಗ ಕೊಟ್ಟರು. ‘ನನ್ನ ಹೆಂಡತಿಗೂ ಹಿಂಗ ಮೊದಲ ತೋರಿಸಿದ್ರ ಉಳೀತಿದ್ದಳೇನೋ’ ಅಂದ್ರು. ಮುಂದಿನ ತಿಂಗಳ ಉಡಿಕಿ. ಹತ್ತು ಮಂದಿ, ವಾದ್ಯ ಇಲ್ಲ. ಅತ್ತಿಯವರು ಬರತೀನಿ ಅಂದಾರ. ನೀವು ಬರಬ್ಯಾಡ್ರಿ. ಇನ್ನೂ ನಿಮ್ಮನ್ನ ಎದುರಿಗೆ ನೋಡಾಕ ನನಗ ಆಗೂದಿಲ್ಲ.

ಈ ಪತ್ರಕ್ಕ ಉತ್ತರ ಬರೀಬ್ಯಾಡ್ರಿ. ಬರೀಬೇಕು ಅನಿಸಿದಾಗ ಒಳಗಿನ ಖೋಲಿಗೆ ಹೋಗಿ ಅತ್ತಿಯವರ ಹಂತೇಕ ಕೂಡ್ರಿ. ಅವರಿಗೆ ಮಗನ ಸುದ್ದಿ ಬೇಕಾಗ್ಯಾದ. ಆ ದವಾಖಾನಿ ಬಾಕು, ಅವ ಓದತಿದ್ದ ಪೇಪರ, ತಿರುಗಿ ಬರುವಾಗ ದಾರ್ಯಾಗ ಅವ ಏನಂದ, ಎಲ್ಲಾ ಹೇಳ್ರಿ. ಅವರು ತಿರುಗಿ ಮಾತಾಡಲಿಕ್ಕಿಲ್ಲ. ಮಾತಾಡದಿದ್ರೂ ನೀವು ಹೇಳ್ರಿ.

ಸುಗಲಾ